ಒಂದೇ ಬೆಂಚಿನ ಹುಡುಗರು

ಮಾಘ ಕಳೆದು ಫಾಲ್ಗುಣ ಕಾಲಿಡುತ್ತಿದ್ದಂತೆ ನಮ್ಮ ಬಾಗಲಗುಂಟೆಯ ಪಾಠಶಾಲೆಗಳಲ್ಲಿ ಬೀಳ್ಕೊಡುಗೆಯ ಸಡಗರ ಮೊದಲಾಗುತ್ತದೆ. ಹೆಸರಿನಲ್ಲಿ ಗುಂಟೆ ಇದ್ದರೂ ನೆಲವನ್ನು ಈಗ ಅಡಿಗಳ ಲೆಕ್ಕದಲ್ಲಿ ಅಳೆಯುವ ಊರು ಇದು. ಹೆಸರಘಟ್ಟದ ಹೆದ್ದಾರಿಯ ಆಚೀಚೆ ಶಾಲೆಗಳಿಗೇನೂ ಬರವಿಲ್ಲ. ಶಾಮಿಯಾನ, ಧ್ವನಿವರ್ಧಕ, ಹೂಮಾಲೆ, ಕುರ್ಚಿಗಳ ಹಿಂದೆ ಸಾಲುಗಟ್ಟಿ ನಿಂತು ತೆಗೆಸುವ ಛಾಯಾಚಿತ್ರ, ಇವೆಲ್ಲ ನಮ್ಮ ಕಾಲದಿಂದಲೂ ಬಂದವೇ. ಹೊಸತೆಂದರೆ ಶಿಶುವಿಹಾರದ ಪದವೀದಾನ. ಕಾಗುಣಿತವಿನ್ನೂ ನಾಲಗೆಗೆ ಹಿಡಿಯದ ಐದು ವರ್ಷದ ಕೂಸು ಕರಿಯ ನಿಲುವಂಗಿ ತೊಟ್ಟು, ಕುಚ್ಚು ಇಳಿಬಿದ್ದ ಚೌಕದ ಟೋಪಿಯನ್ನು ಎರಡು ಕೈಯಿಂದಲೂ ಹಿಡಿದುಕೊಂಡು ವೇದಿಕೆ ಹತ್ತುತ್ತದೆ. ತಾಯ್ತಂದೆಯರ ಸಂತೋಷಕ್ಕೆ ಕಲ್ಲು ಹಾಕುವ ಮನಸ್ಸು ನನಗಿಲ್ಲ. ಆದರೆ ಜೂನ್ ತಿಂಗಳಲ್ಲಿ ಅದೇ ಕಟ್ಟಡದ ಪಕ್ಕದ ಕೋಣೆಯಲ್ಲಿ ಒಂದನೆಯ ತರಗತಿಗೆ ಕೂಡುವ ಮಗು ಏನನ್ನು ಮುಗಿಸಿ ಎಲ್ಲಿಗೆ ಹೊರಟಿತೆಂಬುದು ಮಾತ್ರ ನನಗೆ ತಿಳಿಯದು.

ನಿಜವಾದ ಅಗಲಿಕೆ ಇರುವುದು ಹತ್ತನೆಯ ತರಗತಿಯಲ್ಲಿ. ಅಲ್ಲಿಯವರೆಗೆ ಒಂದೇ ಬೆಂಚಿನ ಮೇಲೆ ಕುಳಿತವರಲ್ಲಿ ಒಬ್ಬನು ವಿಜ್ಞಾನ ಓದಲು ಪಿಯುಸಿಗೆ ಹೋಗುತ್ತಾನೆ, ಇನ್ನೊಬ್ಬನು ಪಾಲಿಟೆಕ್ನಿಕ್ಕಿಗೆ, ಮತ್ತೊಬ್ಬನು ಐಟಿಐಗೆ. ನಾಲ್ಕನೆಯವನು ಗಣಿತದಲ್ಲಿಯೋ ಇಂಗ್ಲಿಷಿನಲ್ಲಿಯೋ ನಪಾಸಾಗಿ ಪೀಣ್ಯದ ಯಾವುದೋ ಷೆಡ್ಡಿನಲ್ಲಿ ಲೇತು ಯಂತ್ರದ ಪಕ್ಕದಲ್ಲಿ ನಿಂತಿರುತ್ತಾನೆ. ಪುನಃ ಆ ನಾಲ್ವರೂ ಒಂದೇ ಬೆಂಚಿನ ಮೇಲೆ ಕೂಡುವ ಪ್ರಸಂಗ ಅವರ ಬಾಳಿನಲ್ಲಿ ಬರುವುದು ಅಪೂರ್ವ. ಆದುದರಿಂದ ಬೀಳ್ಕೊಡುಗೆಯೆಂಬುದು ನಾವು ತಿಳಿದಷ್ಟು ಹಗುರವಾದ ಸಮಾರಂಭವಲ್ಲ. ಈ ವಿಷಯವನ್ನು ಎತ್ತಿಕೊಳ್ಳುವಾಗ ನನ್ನ ದೃಷ್ಟಿ ನಮ್ಮ ನಾಡಿನ ರೋಮನ್ ಕೆಥೋಲಿಕ ಗುರುಗಳು ನಡೆಸಿಕೊಂಡು ಬಂದ ಹುಡುಗರ ಶಾಲೆಗಳ ಕಡೆಗೆ ಹೊರಳಿತು. ಶಾಲೆಯೆಂದರೆ ಪಾಠವಷ್ಟೇ ಅಲ್ಲ, ಅದೊಂದು ಕೂಡುಬಾಳು ಎಂಬ ಭಾವನೆಯನ್ನು ಶತಮಾನಕ್ಕೂ ಮೀರಿ ಸಾಕಿಕೊಂಡು ಬಂದವರು ಅವರು. ಹಳೆಯ ವಿದ್ಯಾರ್ಥಿಗಳ ಸಂಘವೆಂಬುದು ಅವರಲ್ಲಿ ಬಲವಾಗಿ ಬೇರೂರಿದೆ.

ಬೆಂಗಳೂರಿನ ಸೇಂಟ್ ಜೋಸೆಫರ ವಿದ್ಯಾಸಂಸ್ಥೆ ಪ್ಯಾರಿಸ್ಸಿನ ಮಿಷನ್ ಪಾದ್ರಿಗಳ ಕೈಯಲ್ಲಿ 1858ರಲ್ಲಿ ಆರಂಭವಾಯಿತು. 1937ರಲ್ಲಿ ಯೇಸುಸಭೆಯ ಗುರುಗಳ ವಶಕ್ಕೆ ಬಂದಿತು. ಮಂಗಳೂರಿನ ಸೇಂಟ್ ಅಲೋಶಿಯಸ್ 1880ರಲ್ಲಿ ಇಟಲಿಯ ಯೇಸುಸಭೆಯವರಿಂದ ಸ್ಥಾಪಿತವಾದುದು. ಈ ಮನೆತನಗಳ ಹಿರಿಮೆಯನ್ನು ಹಾಡುವುದು ನನ್ನ ಉದ್ದೇಶವಲ್ಲ; ಅವುಗಳ ಒಳಗೂ ಗೋಡೆಗಳಿದ್ದವು. ದಂಡಿನ ಪ್ರದೇಶದ ಆ ಶಾಲೆಯಲ್ಲಿ ಯುರೋಪಿಯನರಿಗೆ ಒಂದು ವಿಭಾಗ, ಇಂಡಿಯನರಿಗೆ ಇನ್ನೊಂದು ವಿಭಾಗ. ಆಳರಸರು ಹೊರಟುಹೋದ ಮೇಲೆಯೂ ಮ್ಯೂಸಿಯಂ ರಸ್ತೆಯ ಶಾಲೆಗೆ ಬಾಯ್ಸ್ ಹೈಸ್ಕೂಲೆಂದೂ, ವಿಠಲ ಮಲ್ಯ ರಸ್ತೆಯ ಶಾಲೆಗೆ ಇಂಡಿಯನ್ ಹೈಸ್ಕೂಲೆಂದೂ ಹೆಸರು ನಿಂತಿದೆ. ಹೆಸರಿನಲ್ಲಿ ಉಳಿದ ಈ ಗುರುತನ್ನು ಈಗಿನ ಹುಡುಗರು ಗಮನಿಸುವರೋ ಇಲ್ಲವೋ ತಿಳಿಯದು. ಗಮನಿಸಿದರೆ ಒಳ್ಳೆಯ ಚರಿತ್ರೆಯ ಪಾಠ.

ಗೋಡೆಗಳಿದ್ದಂತೆ ಬಾಗಿಲುಗಳೂ ಇದ್ದವು. ಮಂಗಳೂರಿನ ಗುಡ್ಡದ ಮೇಲಿನ ಪ್ರಾರ್ಥನಾಮಂದಿರದಲ್ಲಿ ಆಂಟೋನಿಯೋ ಮೊಸ್ಕೇನಿ ಎಂಬ ಇಟಲಿಯ ಸೋದರನು 1899ರಿಂದ ಎರಡು ಮೂರು ವರುಷ ಗೋಡೆ, ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದ ಸಂಗತಿಯನ್ನು ಪ್ರವಾಸಿಗಳೆಲ್ಲ ಬಲ್ಲರು. ಅದೇ ಸಂಸ್ಥೆಯಲ್ಲಿ ಮುಳಿಯ ತಿಮ್ಮಪ್ಪಯ್ಯನವರೂ ಸೇಡಿಯಾಪು ಕೃಷ್ಣ ಭಟ್ಟರೂ ಕನ್ನಡ ಪಂಡಿತರಾಗಿದ್ದರೆಂಬುದನ್ನು ಬಲ್ಲವರು ಕಡಮೆ. ‘ನಾಡೋಜ ಪಂಪ’ವನ್ನು ಬರೆದ ಕೈ ಕೆಥೋಲಿಕ ಗುರುಗಳ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದಿತ್ತು. ಕೊಂಕಣಿ ಮಾತಾಡುವ ಕ್ರಿಸ್ತುವರ ಹುಡುಗ, ತುಳುವ ಹುಡುಗ, ಹವ್ಯಕರ ಹುಡುಗ, ಬ್ಯಾರಿಗಳ ಹುಡುಗ, ಎಲ್ಲರೂ ಅಂಥ ಒಬ್ಬ ಪಂಡಿತರ ಮುಂದೆ ಹಳಗನ್ನಡ ಪದ್ಯದ ಅನ್ವಯ ಹೇಳಲಾರದೆ ತಡವರಿಸಿದ್ದರೆ, ಆ ತಡವರಿಕೆಯೂ ಕೂಡುಬಾಳಿನ ಒಂದು ಅಂಗವೆಂದೇ ನನ್ನ ಎಣಿಕೆ.

ಆದರೆ ಇಂಥ ಶಾಲೆಗಳಿಂದ ನಾವು ಯಾವುದನ್ನು ಕಲಿತೆವು? ಯೇಸುಸಭೆಯವರು 1599ರಲ್ಲಿ ತಮ್ಮ ಶಾಲೆಗಳಿಗೆಲ್ಲ ಒಂದು ಪಾಠಕ್ರಮವನ್ನು ಗೊತ್ತುಮಾಡಿದರು. ಅದರಲ್ಲಿ ನಾಟಕವಿತ್ತು, ವಾದಸಭೆಗಳಿದ್ದವು, ಬಹುಮಾನ ಹಂಚುವ ವಿಧಿಯಿತ್ತು. ಹುಡುಗರಲ್ಲಿ ಸ್ಪರ್ಧೆಯನ್ನು ಹುಟ್ಟಿಸಲು ಎದುರಾಳಿಗಳನ್ನು ಗೊತ್ತುಮಾಡುವ ಏರ್ಪಾಡೂ ಇತ್ತು. ಅವುಗಳಲ್ಲಿ ನಮ್ಮ ಶಾಲೆಗಳು ಬಹುಮಾನದ ಮೇಜನ್ನು ಎತ್ತಿಕೊಂಡು ಬಂದು ಮಿಕ್ಕುದನ್ನು ಅಲ್ಲಿಯೇ ಬಿಟ್ಟಂತೆ ತೋರುತ್ತದೆ. ಫಲಿತಾಂಶ ಬಂದ ಮಾರನೆಯ ದಿನ ಬಾಗಲಗುಂಟೆಯ ಬೀದಿಯಲ್ಲಿ ನಡೆದು ನೋಡಿ: ವಿದ್ಯುತ್ ಕಂಬಗಳ ನಡುವೆ ನೇತುಬಿದ್ದ ಫ್ಲೆಕ್ಸ್‌ಗಳಲ್ಲಿ 625ಕ್ಕೆ ಇಷ್ಟು ಪಡೆದವರ ಮುಖಗಳು ನಗುತ್ತಿರುತ್ತವೆ. ಆ ಮಕ್ಕಳ ಶ್ರಮಕ್ಕೆ ಗೌರವ ಸಲ್ಲಲೇಬೇಕು. ಆದರೆ ಅದೇ ಬೀದಿಯಲ್ಲಿ, ಫ್ಲೆಕ್ಸಿನ ಕೆಳಗಿನಿಂದಲೇ ಹಾದುಹೋಗಬೇಕಾದ ಹುಡುಗನೊಬ್ಬನು ಅಂದು ಸುತ್ತುಹಾದಿ ಹಿಡಿಯುತ್ತಾನೆ. ಬೀಳ್ಕೊಡುಗೆಯ ದಿನ ಅವನ ಕೈಗೂ ಗುಲಾಬಿ ಕೊಟ್ಟಿದ್ದರು. ಫಲಿತಾಂಶಕ್ಕೆ ಮುಂಚೆ ಬೀಳ್ಕೊಡುವುದರಲ್ಲಿ ಒಂದು ಸೌಕರ್ಯವುಂಟು: ಅಂದು ಎಲ್ಲರೂ ಸಮಾನರು. ಆಮೇಲೆ ಶಾಲೆಗೆ ಬೇಕಾದವರು ಯಾರೆಂಬುದನ್ನು ಅಂಕಪಟ್ಟಿಯೇ ತೀರ್ಮಾನಿಸುತ್ತದೆ.

ಹುಡುಗರ ಮಾತನ್ನೇ ಏಕೆ ಎತ್ತುತ್ತೇನೆಂದು ಕೇಳಬಹುದು. ಎಸ್‌ಎಸ್‌ಎಲ್‌ಸಿಯಲ್ಲಿ ವರ್ಷವರ್ಷವೂ ಹುಡುಗಿಯರೇ ಮುಂದೆ, ಹುಡುಗರೇ ಹಿಂದೆ. ನಪಾಸಾದ ಹುಡುಗಿಗೆ ಮನೆಯಲ್ಲಿ ಬೇರೆ ಬಗೆಯ ಸಂಕಟ ಕಾದಿರುತ್ತದೆ. ಅದು ಇನ್ನೊಂದು ವಾರದ ಲೇಖನಕ್ಕೆ ಸಾಲುವಷ್ಟು ದೊಡ್ಡ ವಿಷಯ. ನಪಾಸಾದ ಹುಡುಗನಾದರೋ ನಮ್ಮ ಈ ಭಾಗದಲ್ಲಿ ಮೂರೇ ದಿನಗಳಲ್ಲಿ ಕೆಲಸ ಹಿಡಿಯಬಲ್ಲನು. ಅದೇ ಅಪಾಯ. ಕೈಗೆ ವಾರದ ಕೂಲಿ ಬಂದ ಮೇಲೆ ಪುಸ್ತಕ ಅಟ್ಟ ಸೇರುತ್ತದೆ.

ಇಂಥ ಹುಡುಗರನ್ನೇ ಕುರಿತು ತನ್ನ ಬಾಳನ್ನು ಸವೆಸಿದ ಒಬ್ಬ ಪಾದ್ರಿಯ ಕಥೆ ಇಲ್ಲಿ ನೆನಪಾಗುತ್ತದೆ. ಇಟಲಿಯ ಟ್ಯೂರಿನ್ ಪಟ್ಟಣದಲ್ಲಿ ಹೊಸದಾಗಿ ಕಾರ್ಖಾನೆಗಳೂ ಕಟ್ಟಡಗಳೂ ಏಳುತ್ತಿದ್ದ ಕಾಲ. ಹಳ್ಳಿಗಳಿಂದ ಹೊಟ್ಟೆಪಾಡಿಗೆ ಬಂದ ಹುಡುಗರು ಗಾರೆ ಕೆಲಸ, ಕ್ಷೌರದಂಗಡಿ, ಬಡಗಿಯ ಕೆಲಸಗಳಲ್ಲಿ ಚದರಿಹೋಗಿದ್ದರು. ಜಾನ್ ಬೋಸ್ಕೋ (1815-1888) ಅವರನ್ನು ಭಾನುವಾರಗಳಂದು ಒಟ್ಟುಗೂಡಿಸಿದನು, ಆಟವಾಡಿಸಿದನು, ಓದು ಬರಹ ಹೇಳಿಕೊಟ್ಟನು. ಅಷ್ಟಕ್ಕೇ ನಿಲ್ಲಲಿಲ್ಲ. 1852ರ ಸುಮಾರಿನಲ್ಲಿ ಯಜಮಾನರೊಡನೆ ಕೂತು ಕರಾರುಪತ್ರ ಬರೆಸಿದನು: ಹುಡುಗನಿಗೆ ಕಸುಬನ್ನು ನಿಜವಾಗಿ ಕಲಿಸಬೇಕು, ಹೊಡೆಯಕೂಡದು, ಕಸುಬಿಗೆ ಸಂಬಂಧವಿಲ್ಲದ ಚಾಕರಿಗೆ ಹಚ್ಚಕೂಡದು, ಹಬ್ಬದ ದಿನ ಬಿಡುವು ಕೊಡಬೇಕು. ಕರಾರಿಗೆ ತಾನೂ ರುಜು ಹಾಕಿದನು. ಟ್ಯೂರಿನ್ನಿನ ಹೆಸರನ್ನು ತೆಗೆದು ಪೀಣ್ಯದ ಹೆಸರನ್ನು ಹಾಕಿದರೆ ಆ ಕಾಗದ ಇಂದಿಗೂ ಹಳತಾಗದು.

1870ರ ಜೂನ್ 24ರಂದು, ಆತನ ಹೆಸರಿನ ಹಬ್ಬದ ದಿನ, ಅಂಥ ಹಳೆಯ ಹುಡುಗರ ಒಂದು ಸಣ್ಣ ಗುಂಪು ಅವನಲ್ಲಿಗೆ ಬಂದಿತು. ಮುಂದಾಳು ಕಾರ್ಲೋ ಗಾಸ್ತೀನಿ; ಒಂದು ಕಾಲಕ್ಕೆ ಕ್ಷೌರದಂಗಡಿಯ ಹುಡುಗ. ತಮ್ಮ ತಮ್ಮಲ್ಲಿ ಹಣ ಕೂಡಿಸಿ ಅವರು ತಂದ ಕಾಣಿಕೆ ಕಾಫಿಯ ಬಟ್ಟಲುಗಳು. ಬೋಸ್ಕೋವಿನ ಸಂಸ್ಥೆಗಳಲ್ಲಿ ಹಳೆಯ ವಿದ್ಯಾರ್ಥಿಗಳ ಕೂಟಗಳು ಹುಟ್ಟಿದ್ದು ಆ ದಿನದಿಂದಲೇ ಎಂದು ಅವರ ಚರಿತ್ರೆ ಹೇಳುತ್ತದೆ. ಹಳೆಯ ವಿದ್ಯಾರ್ಥಿ ಸಂಘವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ದೇಣಿಗೆ ಕೊಡಬಲ್ಲ ಎಂಜಿನಿಯರು, ಹೊರದೇಶದಿಂದ ಬಂದ ವೈದ್ಯ, ಹೆಚ್ಚೆಂದರೆ ಕ್ರಿಕೆಟ್ ತಂಡದ ನಾಯಕ. (ಮ್ಯೂಸಿಯಂ ರಸ್ತೆಯ ಶಾಲೆಗೆ ರಾಹುಲ್ ದ್ರಾವಿಡ್ ಹೆಮ್ಮೆಯಾದುದು ಸಹಜವೇ.) ಟ್ಯೂರಿನ್ನಿನ ಆ ಮೊದಲ ಕೂಟಕ್ಕೆ ನಾಂದಿ ಹಾಕಿದವರು ಕೈಕಸುಬಿನ ಹುಡುಗರು.

ನಮ್ಮಲ್ಲಿಯೇ ಒಂದು ನಿದರ್ಶನವುಂಟು. ಅಲೋಶಿಯಸ್‌ನಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಜಾರ್ಜ್ ಫರ್ನಾಂಡಿಸ್ ಪಾದ್ರಿಯಾಗಲೆಂದು 1946ರಲ್ಲಿ ಬೆಂಗಳೂರಿನ ಸೆಮಿನರಿಯನ್ನು ಸೇರಿದರು. ಎರಡು ವರುಷಕ್ಕೆ ಬಿಟ್ಟು ಬಂದರು. 1949ರಲ್ಲಿ ಮುಂಬಯಿಗೆ ಹೋಗಿ ಬೀದಿಯಲ್ಲಿ ಮಲಗಿದರು. ಆ ವರುಷ ಯಾರಾದರೂ ಅವರ ಸಹಪಾಠಿಗಳ ಏಳಿಗೆಯ ಲೆಕ್ಕ ಹಾಕಿದ್ದರೆ ಈ ಹುಡುಗನ ಹೆಸರು ಯಾವ ಪಟ್ಟಿಯ ಯಾವ ತುದಿಯಲ್ಲಿರುತ್ತಿತ್ತು? 1977ರಲ್ಲಿ ಅದೇ ಮನುಷ್ಯ ಕೇಂದ್ರದ ಕೈಗಾರಿಕಾ ಮಂತ್ರಿ. ನಪಾಸಾದವರೆಲ್ಲ ಮಂತ್ರಿಗಳಾಗುವರೆಂದು ನಾನು ಹೇಳಹೊರಟಿಲ್ಲ. ಅಂಥ ಸಮಾಧಾನದ ಮಾತು ಹುಡುಗರನ್ನು ರೇಗಿಸುತ್ತದೆ, ನ್ಯಾಯವಾಗಿಯೇ. ಹತ್ತೊಂಬತ್ತು ವರುಷದ ತರುಣನ ಲೆಕ್ಕವನ್ನು ಮುಕ್ತಾಯಗೊಳಿಸುವ ಅಧಿಕಾರ ಶಾಲೆಗಿಲ್ಲ ಎಂಬಷ್ಟೇ ನನ್ನ ವಾದ.

ಹಾಗಾದರೆ ಏನು ಮಾಡಬೇಕು? ಹೆಚ್ಚಿನ ಹಣದ ಕೆಲಸವೇನೂ ಅಲ್ಲ. 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿದೆ. ಮೊದಲನೆಯದರಲ್ಲಿ ತೊಡರಿದವನು ಕೆಲವೇ ವಾರಗಳಲ್ಲಿ ಎರಡನೆಯದಕ್ಕೆ ಕೂಡಬಹುದು. ಶುಲ್ಕ ಕಟ್ಟುವ ದಿನ ಯಾವುದು, ಅರ್ಜಿ ಎಲ್ಲಿ ಎಂಬುದನ್ನು ಅವನಿಗೆ ತಿಳಿಸುವವರು ಬೇಕು. ಶಾಲೆಯ ಹೊಸ್ತಿಲು ತುಳಿಯಲು ನಾಚುವವನಿಗೆ ಮನೆಗೇ ಹೋಗಿ ತಿಳಿಸಬೇಕು. ಹತ್ತನೆಯದು ತೇರ್ಗಡೆಯಾಗದಿದ್ದರೂ ಎಂಟನೆಯ ತರಗತಿಯ ಅರ್ಹತೆಯ ಮೇಲೆಯೇ ಸೇರಬಹುದಾದ ಕೆಲವು ಕಸುಬುಗಳು ಐಟಿಐಗಳಲ್ಲಿವೆ. ಎಷ್ಟು ತಂದೆತಾಯಿಗಳಿಗೆ ಇದು ಗೊತ್ತು? ಹದಿನೆಂಟು ತುಂಬದವರನ್ನು ಅಪಾಯದ ಕೆಲಸಗಳಿಗೆ ಹಚ್ಚಕೂಡದೆಂದು 2016ರ ತಿದ್ದುಪಡಿಯಾದ ಕಾನೂನು ಹೇಳುತ್ತದೆ. ಎಷ್ಟು ಹುಡುಗರಿಗೆ ಇದನ್ನು ಶಾಲೆ ಹೇಳಿ ಕಳುಹಿಸಿದೆ? ಬೀಳ್ಕೊಡುಗೆಯ ಭಾಷಣಗಳಲ್ಲಿ ಕಡಲು, ಹಡಗು, ದೀಪಸ್ತಂಭಗಳ ಉಪಮೆಗಳು ಬೇಕಾದಷ್ಟಿರುತ್ತವೆ. ಅವುಗಳಲ್ಲಿ ಒಂದನ್ನು ಬಿಟ್ಟು ಈ ಮೂರು ಸಂಗತಿಗಳನ್ನು ಹೇಳಿದರೆ ಸಮಾರಂಭದ ಶೋಭೆಗೇನೂ ಕುಂದು ಬಾರದು.

ಉಪಾಧ್ಯಾಯರ ಮೇಲೆ ಇನ್ನೊಂದು ಹೊರೆಯೇ ಎಂದು ಆಕ್ಷೇಪ ಬರುವುದು ಖಂಡಿತ. ಅವರ ಹೊರೆಯನ್ನು ನಾನು ಬಲ್ಲೆ. ಈ ಕೆಲಸ ಹಳೆಯ ವಿದ್ಯಾರ್ಥಿಗಳದು. ಬೀದಿಯ ಹುಡುಗರಿಗಾಗಿ ಬೋಸ್ಕೋವಿನ ಅನುಯಾಯಿಗಳು 1980ರಲ್ಲಿ ನಮ್ಮ ಈ ನಗರದಲ್ಲಿ ಕಟ್ಟಿದ ಸಂಸ್ಥೆಗೆ ಇಟ್ಟ ಹೆಸರು ‘ಬೆಂಗಳೂರು ಓಣಿಯವರ ಸೇವಾ ಕೂಟ’. ಓಣಿಯವರು ಎಂಬ ಮಾತನ್ನು ಕೀಳೆಂದು ಮರೆಮಾಚದೆ ಫಲಕದ ಮೇಲೆಯೇ ಬರೆದುಕೊಂಡ ಆ ಧೈರ್ಯ ನನಗೆ ಮೆಚ್ಚಿಗೆಯಾಯಿತು. ಬಾಗಲಗುಂಟೆಯ ಪ್ರತಿಯೊಂದು ಶಾಲೆಗೂ, ಅದು ಯಾವ ಮತದವರದಾಗಲಿ, ಅಂಥ ಒಂದು ಕೂಟ ಇರಲಾರದೆ? ಹತ್ತು ವರುಷದ ಹಿಂದೆ ಇದೇ ಶಾಲೆಯಲ್ಲಿ ನಪಾಸಾಗಿ, ಈಗ ತನ್ನದೇ ಎರಡು ಯಂತ್ರಗಳ ಷೆಡ್ಡು ನಡೆಸುವವನೊಬ್ಬನು ಈ ಸುತ್ತಿನಲ್ಲಿ ಇದ್ದೇ ಇರುತ್ತಾನೆ. ಅವನನ್ನು ವೇದಿಕೆಗೆ ಕರೆದ ಶಾಲೆಯನ್ನು ನಾನಿನ್ನೂ ಕಂಡಿಲ್ಲ.

ನನ್ನ ಸೂಚನೆ ಇಷ್ಟು. ಮಾರ್ಚಿಯ ಸಮಾರಂಭ ಇದ್ದಂತೆಯೇ ಇರಲಿ. ಫಲಿತಾಂಶ ಬಂದು ಮೊದಲ ಗಲಾಟೆ ಅಡಗಿದ ಮೇಲೆ ಅದೇ ಅಂಗಳದಲ್ಲಿ ಇನ್ನೊಂದು ಸಂಜೆ ಎಲ್ಲರೂ ಕೂಡಲಿ. ಅಂದು ಭಾಷಣ ಬೇಡ, ಬಹುಮಾನವೂ ಬೇಡ. ಕಾಫಿ ಇರಲಿ, ಸಂಜೆ ತಂಪಾದ ಮೇಲೆ ಒಂದು ಕಬಡ್ಡಿಯ ಆಟವಿರಲಿ. ದಿನ ಭಾನುವಾರವೇ ಆಗಬೇಕು, ಷೆಡ್ಡಿಗೆ ಸೇರಿದ ಹುಡುಗನಿಗೆ ಬಿಡುವು ಅಂದೇ. ಆಹ್ವಾನಪತ್ರಗಳ ಮೇಲೆ ಹೆಸರು ಬರೆಯುವ ಗುಮಾಸ್ತರು ಅಂಕಪಟ್ಟಿಯನ್ನು ಬೀರುವಿನಲ್ಲಿಯೇ ಬಿಟ್ಟು, ಹತ್ತನೆಯ ತರಗತಿಯ ಹಾಜರಿ ಪುಸ್ತಕವನ್ನು ಎದುರಿಗಿಟ್ಟುಕೊಂಡು ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ಬರೆಯಲಿ.