ಬಿಳಿ ಶಾಲಿಗೆ ಅಂಟದ ವಿಷ



ಡೀಸೆಲ್ ಎಂದರೆ ಕೊಳಕು ಹೌದೋ ಅಲ್ಲವೋ ಎಂದು ಮೂವರು ಅಜ್ಜಿಯರಲ್ಲಿ ವಾದ. ಅವರಲ್ಲೊಬ್ಬರು ತಮ್ಮ ಬಿಳಿ ಶಾಲನ್ನು ಕಾರಿನ ಹೊಗೆ ಕೊಳವೆಗೆ ಹಿಡಿಯುತ್ತಾರೆ. ಶಾಲು ಬಿಳಿಯಾಗಿಯೇ ಉಳಿಯುತ್ತದೆ! ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿ 2015ರಲ್ಲಿ ಅಮೆರಿಕದಲ್ಲಿ ತೋರಿಸಿದ ಜಾಹೀರಾತು ಇದು. ಬಟ್ಟೆ ಒಗೆದು ಗೊತ್ತಿರುವ ಯಾರಿಗೆ ತಾನೇ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕು?

ಆದರೆ ಶಾಲು ಹೇಳಿದ್ದು ಅರ್ಧ ಸತ್ಯ. ಹೊಸ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ತಡೆಯುವ ಫಿಲ್ಟರ್ ಇರುತ್ತದೆ. ನಿಜವಾದ ಚಿಂತೆ ನೈಟ್ರೋಜನ್ ಆಕ್ಸೈಡ್‌ಗಳದ್ದು. ಅವು ಬಟ್ಟೆಗೆ ಅಂಟುವುದಿಲ್ಲ, ಶ್ವಾಸನಾಳಗಳನ್ನು ಕೆರಳಿಸುತ್ತವೆ. ಅಸ್ತಮಾ ಇರುವ ಮಗುವನ್ನು ರಾತ್ರಿಯಿಡೀ ಮಡಿಲಲ್ಲಿ ಕೂರಿಸಿಕೊಂಡ ತಾಯಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷಾ ಕೇಂದ್ರದಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಚಕ್ರ ತಿರುಗುತ್ತದೆ, ಸ್ಟಿಯರಿಂಗ್ ಮಾತ್ರ ಅಲುಗುವುದಿಲ್ಲ. ಕಾರಿನೊಳಗಿನ ಸಾಫ್ಟ್‌ವೇರ್ ಇಂಥ ಲಕ್ಷಣಗಳಿಂದಲೇ 'ಈಗ ಪರೀಕ್ಷೆ ನಡೆಯುತ್ತಿದೆ' ಎಂದು ತಿಳಿದುಕೊಂಡು ಶುದ್ಧೀಕರಣವನ್ನು ಪೂರ್ತಿಯಾಗಿ ನಡೆಸುತ್ತಿತ್ತು. ರಸ್ತೆಗಿಳಿದೊಡನೆ ಅದನ್ನು ಸಡಿಲಿಸುತ್ತಿತ್ತು. ಪರಿವೀಕ್ಷಕರು ಬಂದ ದಿನ ಮಾತ್ರ ಕೈಕಟ್ಟಿ ಕೂರುವ ತರಗತಿಗಳನ್ನು ನಾನೂ ಕಂಡಿದ್ದೇನೆ. ಮಕ್ಕಳದ್ದು ತುಂಟತನ. ಇದು ಎಂಜಿನಿಯರುಗಳು ಕುಳಿತು ಬರೆದ ಲೆಕ್ಕಾಚಾರ.

ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಳತೆಯ ಉಪಕರಣವನ್ನೇ ಕಾರಿನಲ್ಲಿಟ್ಟುಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಾಡಿದರು. 2014ರಲ್ಲಿ ಅವರ ವರದಿ ಬಂತು. ಅದರ ಜಾಡು ಹಿಡಿದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರ ಸೆಪ್ಟೆಂಬರ್ 18ರಂದು ವಂಚನೆಯನ್ನು ಬಹಿರಂಗಪಡಿಸಿತು. ಕೆಲವು ಕಾರುಗಳು ಮಿತಿಗಿಂತ 40 ಪಟ್ಟಿನವರೆಗೂ ವಿಷಾನಿಲ ಉಗುಳುತ್ತಿದ್ದವು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇದೆಯೆಂದು ಕಂಪೆನಿಯೇ ಒಪ್ಪಿಕೊಂಡಿತು. ಐದೇ ದಿನಗಳಲ್ಲಿ ಅದರ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. 2017ರಲ್ಲಿ ಕಂಪೆನಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು.

ನಮ್ಮ ದೇಶದಲ್ಲೂ 3 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಸರಿಪಡಿಸಿಕೊಡುವುದಾಗಿ ಕಂಪೆನಿ 2015ರ ಡಿಸೆಂಬರಿನಲ್ಲಿ ಪ್ರಕಟಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮಾರ್ಚ್‌ನಲ್ಲಿ 500 ಕೋಟಿ ರೂಪಾಯಿ ದಂಡ ವಿಧಿಸಿತಾದರೂ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಹೊಸ ಕಾರುಗಳನ್ನು ರಸ್ತೆಯ ಮೇಲೆಯೇ ಪರೀಕ್ಷಿಸುವ ನಿಯಮ ಇಲ್ಲಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ತಡವಾಯಿತು, ಆದರೂ ಬಂತಲ್ಲ.

ಬೀದಿಬದಿಯಲ್ಲಿ ನಾವು ಮಾಡಿಸುವ ಎಮಿಷನ್ ಟೆಸ್ಟ್ ಬೇರೆ. ಡೀಸೆಲ್ ಗಾಡಿಯಾದರೆ ಅಲ್ಲಿ ಅಳೆಯುವುದು ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನು. ನಿಮ್ಮ ಮನೆಯಲ್ಲಿ ಅಂಥ ಗಾಡಿಯಿದ್ದರೆ ಆ ಸರ್ಟಿಫಿಕೇಟನ್ನು ಒಮ್ಮೆ ತೆಗೆದು ನೋಡಿ. ಅಜ್ಜಿಯ ಬಿಳಿ ಶಾಲು ಹೇಳಿದ್ದನ್ನೇ ಅದೂ ಹೇಳುತ್ತದೆ.