ಆಮಿಶ್ ಜನರ ಮನೆಬಾಗಿಲಲ್ಲಿ ನಿಂತ ಅತಿಥಿ

ಅಮೆರಿಕಾದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಲ್ಯಾಂಕಾಸ್ಟರ್ ಎಂಬ ಜಿಲ್ಲೆಯಿದೆ. ಅಲ್ಲಿಗೆ ಪ್ರತಿವರ್ಷವೂ ಲಕ್ಷಾಂತರ ಪ್ರವಾಸಿಗರು ಬರುತ್ತಾರೆ. ಅವರಲ್ಲಿ ಬಹಳಷ್ಟು ಜನರು ನೋಡಬಯಸುವುದು ಅಲ್ಲಿ ಬಾಳುತ್ತಿರುವ ಆಮಿಶ್ ಎಂಬ ಜನರನ್ನು. ಟಾರು ರಸ್ತೆಯ ಮೇಲೆ ಬೂದುಬಣ್ಣದ ಕುದುರೆಗಾಡಿಯೊಂದು ಕಾಣಿಸಿದೊಡನೆ ಕಾರುಗಳ ವೇಗ ಕಡಿಮೆಯಾಗುತ್ತದೆ, ಕಿಟಕಿಯ ಗಾಜು ಕೆಳಗಿಳಿಯುತ್ತದೆ, ಕ್ಯಾಮೆರಾ ಹೊರಬರುತ್ತದೆ. ಗಾಡಿಯೊಳಗಿನವರು ಮುಖ ತಿರುಗಿಸಿಕೊಳ್ಳುತ್ತಾರೆ. ಕಾರಿನಲ್ಲಿ ಕುಳಿತವರಿಗೆ ಅದು ಒರಟುತನವೆನಿಸುತ್ತದೆ. ಆದರೆ ಒರಟುತನ ಯಾರದೆಂದು ಆಲೋಚಿಸಬೇಕಾದವರು ಕಾರಿನವರೇ. ಛಾಯಾಚಿತ್ರಕ್ಕೆ ಮುಖವೊಡ್ಡಿ ನಿಲ್ಲುವುದು ಅಹಂಕಾರವನ್ನು ಬೆಳೆಸುತ್ತದೆಂಬುದು ಆಮಿಶರ ನಂಬಿಕೆ. ಆ ನಂಬಿಕೆಯನ್ನು ಅರಿತೂ ಚಿತ್ರ ತೆಗೆಯುವವನು ಅವರ ಊರಿಗೆ ಬಂದಿರಬಹುದು, ಅವರ ಬಳಿಗೆ ಬಂದಿಲ್ಲ.

ಆಮಿಶರ ಮೂಲ ಯುರೋಪಿನಲ್ಲಿದೆ. 1525ರಲ್ಲಿ ಜ್ಯೂರಿಕ್ ನಗರದಲ್ಲಿ ಕೆಲವು ಕ್ರೈಸ್ತರು, ಧರ್ಮದೀಕ್ಷೆಯು ಅರಿಯದ ಶಿಶುವಿಗೆ ಸಲ್ಲತಕ್ಕದ್ದಲ್ಲ, ಅರಿತು ಒಪ್ಪಿದ ವಯಸ್ಕರಿಗೆ ಸಲ್ಲತಕ್ಕದ್ದು ಎಂದು ಸಾರಿ ಮರುದೀಕ್ಷೆ ಪಡೆದರು. ಅದಕ್ಕಾಗಿ ಅವರ ಅನುಯಾಯಿಗಳಲ್ಲಿ ಅನೇಕರು ಪ್ರಾಣ ತೆತ್ತರು. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಧರ್ಮಗುರುವಿನ ನೇತೃತ್ವದಲ್ಲಿ ಈ ಪಂಥದಿಂದ ಬೇರ್ಪಟ್ಟವರೇ ಆಮಿಶರು. 18ನೆಯ ಶತಮಾನದಲ್ಲಿ ಅವರು ಧಾರ್ಮಿಕ ಸ್ವಾತಂತ್ರ್ಯವನ್ನು ಅರಸಿ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದರು. ಇಂದು ಉತ್ತರ ಅಮೆರಿಕಾದಲ್ಲಿ ಅವರ ಸಂಖ್ಯೆ ಸುಮಾರು 4 ಲಕ್ಷ. ಮನೆಯಲ್ಲಿ ಆಡುವುದು ಜರ್ಮನ್ ಮೂಲದ ಉಪಭಾಷೆ, ಶಾಲೆಯಲ್ಲಿ ಕಲಿಯುವುದು ಇಂಗ್ಲಿಷ್. ತಮ್ಮವರಲ್ಲದ ಎಲ್ಲರನ್ನೂ ಅವರು ಕರೆಯುವುದು ‘ಇಂಗ್ಲಿಷರು’ ಎಂದೇ.

ಆಮಿಶರು ಯಂತ್ರದ್ವೇಷಿಗಳು, ಕಾಲ ನಿಂತುಹೋದ ಜನ ಎಂಬುದು ಲೋಕದಲ್ಲಿ ಹರಡಿರುವ ಅಭಿಪ್ರಾಯ. ಹತ್ತಿರ ಹೋಗಿ ನೋಡಿದವರಿಗೆ ಈ ಅಭಿಪ್ರಾಯ ನಿಲ್ಲುವುದಿಲ್ಲ. ಲ್ಯಾಂಕಾಸ್ಟರಿನ ಆಮಿಶ್ ಮನೆಗೆ ಸಾರ್ವಜನಿಕ ವಿದ್ಯುತ್ ತಂತಿಯ ಸಂಪರ್ಕವಿಲ್ಲ. ಆದರೆ ಅಡುಗೆಮನೆಯಲ್ಲಿ ಅನಿಲದಿಂದ ನಡೆಯುವ ಫ್ರಿಜ್ ಇರುತ್ತದೆ. ಬಡಗಿಯ ಕಾರ್ಯಾಗಾರದಲ್ಲಿ ಡೀಸೆಲ್ ಎಂಜಿನ್ ಗಾಳಿಯನ್ನು ಒತ್ತಿ ತುಂಬುತ್ತದೆ, ಆ ಗಾಳಿಯ ಬಲದಿಂದ ಯಂತ್ರಗಳು ತಿರುಗುತ್ತವೆ. ಹೊಲದಲ್ಲಿ ಹುಲ್ಲಿನ ಪಿಂಡಿ ಕಟ್ಟುವ ಯಂತ್ರಕ್ಕೆ ಎಂಜಿನ್ ಉಂಟು, ಅದನ್ನು ಎಳೆಯುವುದು ಮಾತ್ರ ಹೇಸರಗತ್ತೆಗಳು. ಸ್ವಂತಕ್ಕೆ ಕಾರು ಇಟ್ಟುಕೊಳ್ಳುವಂತಿಲ್ಲ, ದೂರದೂರಿಗೆ ಹೋಗಬೇಕಾದಾಗ ಬಾಡಿಗೆ ವಾಹನದಲ್ಲಿ ಕುಳಿತುಕೊಳ್ಳಬಹುದು. ದೂರವಾಣಿ ಬಹುಕಾಲದಿಂದ ಮನೆಯೊಳಗಿಲ್ಲ, ಹೊಲದಂಚಿನ ಪುಟ್ಟ ಗೂಡಿನಲ್ಲಿದೆ. ಮೊಬೈಲ್ ಫೋನು ಬಂದ ಮೇಲೆ ಆ ಗೆರೆಯನ್ನು ಕಾಪಾಡುವುದು ಅವರಿಗೂ ಕಷ್ಟವಾಗಿದೆ.

ಇದನ್ನು ಕಂಡು ‘ಇದೆಂತಹ ಆತ್ಮವಂಚನೆ’ ಎಂದು ನಗುವ ಪ್ರವಾಸಿಗರಿದ್ದಾರೆ. ನಗುವುದು ಸುಲಭ. ಆದರೆ ಆ ದೂರವಾಣಿಯ ಗೂಡು ಒಂದು ವಿವೇಚನೆಯ ಫಲವೆಂಬುದನ್ನು ಅರಿಯಬೇಕು. ಒಂದು ವಸ್ತು ಅನುಕೂಲವೇ, ಅಗ್ಗವೇ, ವೇಗವೇ ಎಂದು ನಾವು ಕೇಳುತ್ತೇವೆ. ಅದು ಬಂದ ಮೇಲೆ ನಮ್ಮ ಮನೆಮಂದಿ, ನೆರೆಹೊರೆ ಏನಾಗುತ್ತಾರೆ ಎಂದು ಆಮಿಶರು ಕೇಳುತ್ತಾರೆ. ಅಗತ್ಯಕ್ಕೆ ವೈದ್ಯರನ್ನು ಕರೆಯಲು ದೂರವಾಣಿ ಬೇಕು, ಆದರೆ ಊಟದ ನಡುವೆ ಗಂಟೆ ಬಾರಿಸಿ ಎಲ್ಲರನ್ನೂ ಎಬ್ಬಿಸುವುದು ಬೇಡ. ಆದ್ದರಿಂದ ಅದು ಹೊಲದಂಚಿಗೆ ಹೋಯಿತು. ಕುದುರೆಗಾಡಿ ಹೋಗುವಷ್ಟೇ ದೂರದಲ್ಲಿ ಬದುಕು ಸಾಗಿದರೆ ನೆರೆಯವರು ನೆರೆಯವರಾಗಿಯೇ ಉಳಿಯುತ್ತಾರೆ ಎಂಬುದು ಅವರ ಲೆಕ್ಕಾಚಾರ.

ಈ ವಿವೇಚನೆಯನ್ನು ಯಾವ ವ್ಯಕ್ತಿಯೂ ಒಬ್ಬನೇ ಮಾಡುವುದಿಲ್ಲ. 20ರಿಂದ 40 ಕುಟುಂಬಗಳು ಸೇರಿ ಒಂದು ಸಭೆ. ಬಾಳಿನ ಕಟ್ಟಳೆಗಳಿಗೆ ಅವರ ಭಾಷೆಯಲ್ಲಿ ‘ಆರ್ಡ್ನುಂಗ್’ ಎಂದು ಹೆಸರು. ಅವುಗಳಲ್ಲಿ ಹೆಚ್ಚಿನವು ಬರೆದಿಟ್ಟವಲ್ಲ, ಬಾಳಿ ಉಳಿಸಿಕೊಂಡವು. ವರ್ಷಕ್ಕೆ ಎರಡು ಸಲ, ಪವಿತ್ರ ಪ್ರಸಾದ ಸ್ವೀಕಾರಕ್ಕೆ ಮೊದಲು, ಸಭೆ ಸೇರಿ ಕಟ್ಟಳೆಗಳಿಗೆ ಎಲ್ಲರ ಸಮ್ಮತಿಯನ್ನು ಕೇಳುತ್ತದೆ. ಮನಸ್ಸು ಕೂಡದಿದ್ದರೆ ಪ್ರಸಾದ ಸ್ವೀಕಾರವೇ ಮುಂದೆ ಹೋಗಬಹುದು. ಅವರಿಗೆ ಪ್ರತ್ಯೇಕವಾದ ಚರ್ಚಿನ ಕಟ್ಟಡವಿಲ್ಲ. ಎರಡು ವಾರಕ್ಕೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಕೂರುವ ಬೆಂಚುಗಳು ಗಾಡಿಯಲ್ಲಿ ಮನೆಯಿಂದ ಮನೆಗೆ ಸಾಗುತ್ತವೆ. ಗುರುವನ್ನು ಆರಿಸುವುದು ಚೀಟಿಯಿಂದ. ಸಭೆ ಸೂಚಿಸಿದವರ ಮುಂದೆ ಸ್ತೋತ್ರಗ್ರಂಥಗಳನ್ನು ಇಡುತ್ತಾರೆ, ಒಂದರೊಳಗೆ ಚೀಟಿಯಿರುತ್ತದೆ. ಅದನ್ನು ಎತ್ತಿಕೊಂಡವನು ಸಂಬಳವಿಲ್ಲದೆ, ತನ್ನ ಎಂದಿನ ಕಾಯಕವನ್ನೂ ಬಿಡದೆ, ಬದುಕಿರುವವರೆಗೆ ಆ ಹೊಣೆ ಹೊರಬೇಕು. ಆ ಕ್ಷಣದಲ್ಲಿ ಹಿಗ್ಗುವವರಿಗಿಂತ ಅಳುವವರೇ ಹೆಚ್ಚು.

ಇಷ್ಟು ಕಂಡ ಅತಿಥಿಯು ಇನ್ನೊಂದು ತಪ್ಪಿಗೆ ಬೀಳುವ ಸಂಭವವಿದೆ. ಅದು ಮಿತಿಮೀರಿದ ಮೆಚ್ಚುಗೆ. ಆಮಿಶರ ಊರು ಸ್ವರ್ಗವಲ್ಲ. ಅಲ್ಲಿಯ ಮಕ್ಕಳ ಶಾಲಾ ವಿದ್ಯಾಭ್ಯಾಸ 8ನೆಯ ತರಗತಿಗೆ ಮುಗಿಯುತ್ತದೆ. ಈ ವಿಷಯ ನ್ಯಾಯಾಲಯದ ಮೆಟ್ಟಿಲೇರಿದಾಗ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯ 1972ರಲ್ಲಿ ಆಮಿಶ್ ತಂದೆತಾಯಿಗಳ ಪರವಾಗಿ ತೀರ್ಪಿತ್ತಿತು. ಆದರೆ ವೈದ್ಯಳಾಗಬೇಕೆಂದು ಬಯಸುವ ಹುಡುಗಿಯ ಪಾಲಿಗೆ ಆ ತೀರ್ಪು ಏನು ಎಂಬ ಪ್ರಶ್ನೆಯನ್ನು, ಪೀಠದಲ್ಲಿದ್ದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರು ಮಕ್ಕಳ ಅಭಿಪ್ರಾಯವನ್ನೂ ಕೇಳಬೇಕೆಂದು ಬರೆದಾಗಿನಿಂದ, ಯಾರೂ ತಳ್ಳಿಹಾಕಲಾಗಿಲ್ಲ. ಗುರುಸ್ಥಾನ ಗಂಡಸರಿಗೆ ಮಾತ್ರ. ದೀಕ್ಷೆ ಪಡೆಯುವ ಮೊದಲು ಊರು ಬಿಟ್ಟುಹೋದವರಿಗೆ ಬಹಿಷ್ಕಾರವಿಲ್ಲ. ದೀಕ್ಷೆ ಪಡೆದು ಅದನ್ನು ತೊರೆದವರೊಡನೆ ಸಹಪಂಕ್ತಿ ಭೋಜನವೂ ನಿಲ್ಲುತ್ತದೆ. ಹೆತ್ತ ತಾಯಿಯ ಮನೆಯಲ್ಲಿ ಬೇರೆ ಮೇಜಿನ ಮುಂದೆ ಕುಳಿತು ಉಣ್ಣುವ ಮಗನ ಸಂಕಟವನ್ನು ಕುದುರೆಗಾಡಿಯ ಚೆಲುವು ಮರೆಸಬಾರದು. ಕೂಡಿ ಬಾಳುವ ಸುಖಕ್ಕೆ ಅವರು ತೆರುವ ಬೆಲೆಯಿದು. ಅದು ದುಬಾರಿಯೆಂದೇ ನಮ್ಮ ಅಭಿಪ್ರಾಯ.

ಹಾಗೆಂದು ಆ ಬೆಲೆಗೆ ಏನೂ ದೊರೆಯದೆಂದು ಹೇಳಲಾಗದು. 2006ರ ಅಕ್ಟೋಬರ್ 2ರಂದು ಲ್ಯಾಂಕಾಸ್ಟರ್ ಜಿಲ್ಲೆಯ ನಿಕಲ್ ಮೈನ್ಸ್ ಎಂಬಲ್ಲಿ, ಒಂದೇ ಕೊಠಡಿಯ ಆಮಿಶ್ ಶಾಲೆಗೆ ಆಮಿಶನಲ್ಲದ ವ್ಯಕ್ತಿಯೊಬ್ಬನು ನುಗ್ಗಿ ಹತ್ತು ಹೆಣ್ಣುಮಕ್ಕಳ ಮೇಲೆ ಗುಂಡು ಹಾರಿಸಿದನು. ಐವರು ಮಕ್ಕಳು ಅಸುನೀಗಿದರು. ಅವನು ತನಗೂ ಗುಂಡು ಹಾರಿಸಿಕೊಂಡು ಸತ್ತನು. ಅಂದೇ ಆಮಿಶರು ಅವನ ಮನೆಯವರ ಬಳಿಗೆ ಹೋಗಿ, ನಿಮ್ಮ ಮೇಲೆ ನಮಗೆ ದ್ವೇಷವಿಲ್ಲವೆಂದು ಸಾಂತ್ವನ ಹೇಳಿದರು. ಅವನ ಅಂತ್ಯಕ್ರಿಯೆಯಲ್ಲಿ ಮಕ್ಕಳನ್ನು ಕಳೆದುಕೊಂಡವರೂ ಪಾಲ್ಗೊಂಡರು. ಹತ್ತು ದಿನಗಳಲ್ಲಿ ಆ ಶಾಲೆಯ ಕಟ್ಟಡವನ್ನು ಕೆಡವಿ ಹುಲ್ಲುಗಾವಲು ಮಾಡಿದರು. ನೋವು ಅವರಿಗೂ ಎಲ್ಲರಂತೆಯೇ ಇತ್ತು, ವರ್ಷಗಟ್ಟಲೆ ಇತ್ತು. ಆದರೆ ಕ್ಷಮಿಸಲೋ ಬೇಡವೋ ಎಂಬುದನ್ನು ಆ ತಂದೆತಾಯಿಗಳು ಆ ರಾತ್ರಿ ಒಬ್ಬೊಬ್ಬರೇ ಕುಳಿತು ನಿರ್ಧರಿಸಬೇಕಾಗಿರಲಿಲ್ಲ. ದಿನನಿತ್ಯದ ಸಣ್ಣ ಸಂಗತಿಗಳಲ್ಲಿ ‘ನಾನು’ ಎಂಬುದನ್ನು ತಗ್ಗಿಸುತ್ತ ಬಂದವರಿಗೆ, ದೊಡ್ಡ ವಿಪತ್ತಿನ ದಿನ ಅದೇ ಅಭ್ಯಾಸ ಕೈಹಿಡಿಯಿತು.

ಆದ್ದರಿಂದ ಆಮಿಶರ ಊರಿಗೆ ಹೋಗುವ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ಕ್ಯಾಮೆರಾವನ್ನು ಚೀಲದಲ್ಲಿಯೇ ಇಡಿ. ಕುದುರೆಗಾಡಿಯ ಹಿಂದೆ ಹಾರನ್ ಬಾರಿಸಬೇಡಿ, ಜಾಗ ಸಿಗುವವರೆಗೆ ತಾಳ್ಮೆಯಿಂದ ಸಾಗಿ. ಭಾನುವಾರ ಅವರ ಅಂಗಡಿಗಳು ಮುಚ್ಚಿರುತ್ತವೆ, ಬಾಗಿಲು ತಟ್ಟಬೇಡಿ. ಬೇರೆ ದಿನ ಹೋಗಿ ಒಂದು ರೊಟ್ಟಿಯನ್ನೋ ಕುರ್ಚಿಯನ್ನೋ ಕೊಂಡು, ಮಾಡಿದವರೊಡನೆ ಮಾಡುವ ಕೆಲಸದ ಬಗೆಗೆ ಎರಡು ಮಾತನಾಡಿ. ಅವರು ಪ್ರದರ್ಶನದ ವಸ್ತುಗಳಲ್ಲ, ದುಡಿಯುವ ಗೃಹಸ್ಥರು.

ಹಿಂದಿರುಗುವಾಗ ಅವರ ಉಡುಗೆಯನ್ನಾಗಲಿ ಗಾಡಿಯನ್ನಾಗಲಿ ಅನುಕರಿಸಬೇಕಾಗಿಲ್ಲ. ಅವರು ಕೇಳುವ ಪ್ರಶ್ನೆಯೊಂದನ್ನು ತಂದರೆ ಸಾಕು. ಮನೆಗೆ ಹೊಸ ವಸ್ತುವೊಂದು ಬರುವ ಮೊದಲು, ಇದು ಬಂದ ಮೇಲೆ ನಾವು ಒಬ್ಬರಿಗೊಬ್ಬರು ಹತ್ತಿರವಾಗುತ್ತೇವೆಯೋ ದೂರವಾಗುತ್ತೇವೆಯೋ ಎಂದು ಮನೆಮಂದಿಯೆಲ್ಲ ಕುಳಿತು ಕೇಳಿಕೊಳ್ಳುವುದು. ಉತ್ತರ ಅವರದೇ ಆಗಬೇಕೆಂದಿಲ್ಲ. ಆದರೆ ಕೇಳದೆ ಕೊಂಡದ್ದು ಮನೆಯೊಳಗೆ ಸೇರಿದ ಮೇಲೆ ಅದನ್ನು ಹೊಲದಂಚಿಗೆ ಕಳಿಸುವುದು ಸುಲಭವಲ್ಲ.