ಮೊದಲು ರಿಂಗ್ ಗ್ಯಾಪ್, ಆಮೇಲೆ ಬಾಟಲಿ

ನಮ್ಮ ಆಟೋಮೊಬೈಲ್ ಹುಡುಗರ ಜೊತೆ ಕ್ಯಾಂಟೀನಲ್ಲಿ ಹತ್ತು ನಿಮಿಷ ಕೂತರೆ ಸಾಕು, ಮಾತು ಸೂಪ್ರಾಗೆ ಬಂದು ನಿಲ್ಲುತ್ತೆ. ಸೂಪ್ರಾ ಆದಮೇಲೆ ನೈಟ್ರಸ್. 2001ರಲ್ಲಿ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಬಂದಾಗ ನಮ್ಮಲ್ಲಿ ಬಹಳ ಜನ ಹುಟ್ಟೇ ಇರಲಿಲ್ಲ. ಆದರೂ ಗುಂಡಿ ಒತ್ತಿದರೆ ಬೀದಿ ದೀಪಗಳೆಲ್ಲ ಗೆರೆಗಳಾಗಿ ಹಿಂದೆ ಓಡೋ ಆ ಚಿತ್ರ ಎಲ್ಲರ ತಲೆಯಲ್ಲೂ ಇದೆ. ನನ್ನ ತಕರಾರು ಇರೋದು ಆ ಗುಂಡಿಯ ಮೇಲೇ. ಟರ್ಬೊ ಡ್ರ್ಯಾಗ್ ಕಾರು ಬಿಚ್ಚಿ ಕಟ್ಟುವಾಗ ನೈಟ್ರಸ್ ಬಾಟಲಿ ಕೊನೆಗೆ ಕೊಳ್ಳಬೇಕಾದ ಸಾಮಾನು. ಕೊಂಡ ಮೇಲೂ ಅದನ್ನು ಯಾವಾಗ ಬಿಡಬೇಕು ಅನ್ನೋ ತೀರ್ಮಾನ ಡ್ರೈವರ್ ಹೆಬ್ಬೆರಳಿಗೆ ಬಿಟ್ಟಿರಬಾರದು.

ನೈಟ್ರಸ್ ಆಕ್ಸೈಡ್ ಪೆಟ್ರೋಲಿನಂತೆ ಉರಿಯೋ ಇಂಧನ ಅಲ್ಲ. ಹಲ್ಲಿನ ಡಾಕ್ಟರು ಮೂಗಿಗೆ ಹಿಡಿಯೋ ನಗೆ ಅನಿಲವೇ ಇದು. ಸುಮಾರು 300 ಡಿಗ್ರಿ ದಾಟಿದ ಮೇಲೆ ಸಿಲಿಂಡರಿನೊಳಗೆ ಒಡೆದು ಆಮ್ಲಜನಕ ಬಿಡುತ್ತೆ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ 23 ಶೇಕಡ, ನೈಟ್ರಸ್‌ನಲ್ಲಿ 36. ಹೆಚ್ಚು ಆಮ್ಲಜನಕ ಬಂದರೆ ಹೆಚ್ಚು ಪೆಟ್ರೋಲೂ ಬರಬೇಕು, ಅಷ್ಟೇ ಕಥೆ. ಪೆಟ್ರೋಲ್ ಹಿಂದೆ ಬಿದ್ದರೆ ಮಿಶ್ರಣ ಲೀನ್ ಆಗಿ ಡಿಟೊನೇಶನ್ ಶುರುವಾಗುತ್ತೆ, ಪಿಸ್ಟನ್ ಕರಗುತ್ತೆ. 'ನೈಟ್ರಸ್ ಇಂಜಿನ್ ತಿಂದುಬಿಡ್ತು' ಅಂತ ಕೇಳಿದಾಗಲೆಲ್ಲ ನಾನು ಮೊದಲು ಅನುಮಾನ ಪಡೋದು ಫ್ಯುಯೆಲ್ ಪಂಪನ್ನ.

ಇನ್ನು ರೀಬಿಲ್ಡ್. ಸೂಪ್ರಾದ 2ಜೆಝಡ್ ಇಂಜಿನನ್ನೇ ತಗೊಳ್ಳಿ. ಮೂರು ಲೀಟರ್, ಆರು ಸಿಲಿಂಡರ್, ಬೀಡುಕಬ್ಬಿಣದ ಬ್ಲಾಕ್, ಬೋರು 86 ಮಿಲಿಮೀಟರ್. ಕಂಪನಿಯಿಂದ ಬಂದ ಎರಡು ಟರ್ಬೊ ಕಿತ್ತು ಒಂದೇ ದೊಡ್ಡದು ಹಾಕೋದು ಡ್ರ್ಯಾಗ್ ಜನರ ವಾಡಿಕೆ. ಫೋರ್ಜ್ಡ್ ಪಿಸ್ಟನ್, ಒಳ್ಳೆ ಕನೆಕ್ಟಿಂಗ್ ರಾಡ್, ಗಟ್ಟಿ ಹೆಡ್ ಸ್ಟಡ್ಡು, ಪದರ ಪದರದ ಉಕ್ಕಿನ ಗ್ಯಾಸ್ಕೆಟ್ಟು ಎಲ್ಲರ ಪಟ್ಟಿಯಲ್ಲೂ ಇರುತ್ತೆ. ದುಡ್ಡಿದ್ದರೆ ಬಂದುಬಿಡುತ್ತೆ. ದುಡ್ಡಿಗೆ ಬರದೇ ಇರೋದು ರಿಂಗ್ ಗ್ಯಾಪ್.

ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವೆ ಬಿಡೋ ಸಂದು ಅದು. ರಿಂಗ್ ಕಾದಾಗ ಹಿಗ್ಗುತ್ತೆ, ಸಂದು ಮುಚ್ಚುತ್ತಾ ಬರುತ್ತೆ. ತುದಿಗಳು ಒಂದಕ್ಕೊಂದು ತಾಗಿದರೆ ಹಿಗ್ಗೋಕೆ ಜಾಗ ಇಲ್ಲದೆ ರಿಂಗ್ ಗೋಡೆಗೆ ಒತ್ತಿಕೊಳ್ಳುತ್ತೆ, ಪಿಸ್ಟನ್ನಿನ ಅಂಚನ್ನೇ ಒಡೆದು ಹಾಕುತ್ತೆ. ಟರ್ಬೊ ಇಲ್ಲದ ಸಾಧಾರಣ ಕಾರಿಗೆ ಮೇಲಿನ ರಿಂಗಿಗೆ ಬೋರಿನ 0.004 ಪಾಲು ಸಾಕು ಅಂತ ಒಂದು ರೂಢಿಯ ಲೆಕ್ಕ. ಟರ್ಬೊ ಮತ್ತು ನೈಟ್ರಸ್ ಎರಡೂ ಸೇರಿದರೆ 0.006ರಿಂದ 0.007. ಅಂದರೆ 86 ಮಿಲಿಮೀಟರ್ ಬೋರಿಗೆ 0.34ರ ಬದಲು 0.52ರಿಂದ 0.60 ಮಿಲಿಮೀಟರ್. (ಪಿಸ್ಟನ್ ಮಾಡಿದವರು ಕೊಟ್ಟ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಕೊನೆ ಮಾತು.) ವ್ಯತ್ಯಾಸ ಎರಡು ಮೂರು ಹಾಳೆ ಕಾಗದದ ದಪ್ಪ. ಅಳೆಯೋಕೆ ಬೇಕಾದ್ದು ಒಂದು ಫೀಲರ್ ಗೇಜ್, ಜೊತೆಗೆ ಪ್ರತಿ ರಿಂಗನ್ನೂ ಅದರದ್ದೇ ಸಿಲಿಂಡರಿಗೆ ಇಳಿಸಿ ನೋಡೋ ತಾಳ್ಮೆ. 'ನಡೆಯುತ್ತೆ ಬಿಡು ಮಗಾ' ಅನ್ನೋ ಮಾತು ಇಲ್ಲಿ ನಡೆಯಲ್ಲ.

ಟರ್ಬೊ ಇರೋ ಕಾರಿಗೆ ನೈಟ್ರಸ್ ಯಾಕೆ ಬೇಕು ಅನ್ನೋದನ್ನೂ ಕೇಳಬೇಕು. ನನ್ನ ಪ್ರಕಾರ ಅದಕ್ಕೆ ಒಂದೇ ಮರ್ಯಾದಸ್ಥ ಕೆಲಸ: ದೊಡ್ಡ ಟರ್ಬೊ ಎದ್ದೇಳೋಕೆ ತಡ ಮಾಡುತ್ತೆ, ಅದನ್ನು ಎಬ್ಬಿಸೋದು. ಅದಕ್ಕೆ 50 ಅಶ್ವಶಕ್ತಿಯ ಸಣ್ಣ ಜೆಟ್ ಬಹಳಷ್ಟು ಕಾರುಗಳಿಗೆ ಸಾಕು. ಬೂಸ್ಟ್ ಬಂದ ಕೂಡಲೇ ಪ್ರೆಶರ್ ಸ್ವಿಚ್ ನೈಟ್ರಸ್ಸನ್ನು ತಾನೇ ನಿಲ್ಲಿಸಬೇಕು. ಫುಲ್ ಬೂಸ್ಟಿನ ಮೇಲೆ ಇನ್ನೂ 150 ಸುರಿಯೋರು ಸಿಲಿಂಡರಿನ ಒತ್ತಡದ ಲೆಕ್ಕ ಹಾಕಿರಲ್ಲ, ವಿಡಿಯೋ ನೋಡಿರ್ತಾರೆ.

ಡ್ರೈವರ್ ಕೈಲಿ ಇರಬೇಕಾದ್ದು 'ಸಿದ್ಧ' ಅನ್ನೋ ಒಂದು ಸ್ವಿಚ್ ಮಾತ್ರ. ಉಳಿದದ್ದು ವೈರಿಂಗ್ ನೋಡಿಕೊಳ್ಳಲಿ. ಥ್ರಾಟಲ್ ಪೂರ್ತಿ ತೆರೆದಿರಬೇಕು. ಇಂಜಿನ್ ಸುಮಾರು 3000 ಸುತ್ತು ದಾಟಿರಬೇಕು, ಇಲ್ಲದಿದ್ದರೆ ಮ್ಯಾನಿಫೋಲ್ಡಲ್ಲಿ ಪೆಟ್ರೋಲ್ ಕೊಚ್ಚೆ ನಿಂತು ಬ್ಯಾಕ್‌ಫೈರ್ ಆಗಬಹುದು. ಮೇಲ್ಗಡೆ ರೆವ್ ಲಿಮಿಟರ್‌ಗಿಂತ ಮುಂಚೆಯೇ ನಿಲ್ಲಬೇಕು, ಯಾಕಂದ್ರೆ ಲಿಮಿಟರ್ ಪೆಟ್ರೋಲ್ ಕಡಿದಾಗ ನೈಟ್ರಸ್ ಮಾತ್ರ ಸುರಿಯುತ್ತಾ ಇರುತ್ತೆ. ಫ್ಯುಯೆಲ್ ಪ್ರೆಶರ್ ಇಳಿದರೆ ಎಲ್ಲಾ ಬಂದ್. ಇವಿಷ್ಟೂ ಒಟ್ಟಿಗೆ ಹೌದು ಅಂದಾಗ ಮಾತ್ರ ಸೊಲೆನಾಯ್ಡ್ ತೆರೆಯಬೇಕು. ಎರಡನೇ ಸೆಮಿಸ್ಟರಿನ 'ಆಂಡ್' ಗೇಟು ಇದು, ಅದಕ್ಕಿಂತ ಹೆಚ್ಚೇನಿಲ್ಲ. ಇಗ್ನಿಶನ್ ಟೈಮಿಂಗನ್ನು ಪ್ರತಿ 50 ಅಶ್ವಶಕ್ತಿಗೆ ಸುಮಾರು ಎರಡು ಡಿಗ್ರಿ ಹಿಂದಕ್ಕೆ ತರೋದೂ ಇದರ ಜೊತೆಗೇ ಆಗಬೇಕು.

ನಮ್ಮ ಊರುಗಳಿಗೆ ಇನ್ನೊಂದು ತೊಂದರೆ ಇದೆ. ನೈಟ್ರಸ್ಸಿನ ಕ್ರಿಟಿಕಲ್ ಉಷ್ಣಾಂಶ ಸುಮಾರು 36.4 ಡಿಗ್ರಿ. ಅದಕ್ಕಿಂತ ಮೇಲೆ ಬಾಟಲಿಯಲ್ಲಿ ದ್ರವ ಅನ್ನೋದೇ ಉಳಿಯಲ್ಲ, ಒತ್ತಡ ಸರಸರ ಏರುತ್ತೆ. ಕಿಟ್ಟುಗಳನ್ನು ಸಾಮಾನ್ಯವಾಗಿ 900ರಿಂದ 1000 ಪಿಎಸ್‌ಐಗೆ ಹೊಂದಿಸಿರ್ತಾರೆ. ಏಪ್ರಿಲ್ ಮಧ್ಯಾಹ್ನ ರಾಯಚೂರಲ್ಲಿ ಮುಚ್ಚಿದ ಕಾರೊಳಗೆ ಬಾಟಲಿ ಇಟ್ಟರೆ ಆ ಅಂಕಿ ಎಲ್ಲೋ ಹಿಂದೆ ಉಳಿಯುತ್ತೆ. ನೈಟ್ರಸ್ ಹೆಚ್ಚು ನುಗ್ಗುತ್ತೆ, ಪೆಟ್ರೋಲ್ ಅಷ್ಟೇ ಇರುತ್ತೆ, ಮತ್ತೆ ಲೀನ್. ಚಳಿ ಊರುಗಳಲ್ಲಿ ಕೆಲವರು ಬಾಟಲಿಗೆ ಬ್ಲೋ ಟಾರ್ಚ್ ಹಿಡೀತಾರಂತೆ. ಅದಕ್ಕೆ ನನ್ನ ಹತ್ತಿರ ಪದ ಇಲ್ಲ. 2007ರ ಜುಲೈ 26ರಂದು ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ರಾಕೆಟ್ಟಿಗಾಗಿ ನೈಟ್ರಸ್ ಹರಿಸಿ ನೋಡೋ ಪರೀಕ್ಷೆ ನಡೆದಿತ್ತು. ಇಂಧನವನ್ನೇ ಹೊತ್ತಿಸಿರಲಿಲ್ಲ. ಆದರೂ ಸ್ಫೋಟ ಆಗಿ ಮೂವರು ಸತ್ತರು. ನಮ್ಮ ಬಾಟಲಿ ಅಷ್ಟು ದೊಡ್ಡದಲ್ಲ, ಅನಿಲ ಮಾತ್ರ ಅದೇ. ಬಾಟಲಿಗೆ ಸೇಫ್ಟಿ ಡಿಸ್ಕ್, ಅದರಿಂದ ಕಾರಿನ ಹೊರಗೆ ಹೋಗೋ ಪೈಪು, ಲೈನಿನೊಳಗೆ ಒಂದು ಹನಿಯೂ ಎಣ್ಣೆ ಇಲ್ಲದಿರೋದು: ಇವು ಐಚ್ಛಿಕ ವಿಷಯಗಳಲ್ಲ.

'ರೇಸ್ ಅಂದ್ರೆ ರಿಸ್ಕ್, ವೃತ್ತಿಪರರೂ ಇಂಜಿನ್ ಒಡೀತಾರಲ್ಲ' ಅಂತ ನಮ್ಮ ಕ್ಲಬ್ಬಲ್ಲೇ ಒಬ್ಬ ವಾದ ಮಾಡ್ತಾನೆ. ಒಡೀತಾರೆ ಸರಿ. ಆದರೆ ಅವರ ಕಾರಲ್ಲಿ ರೋಲ್ ಕೇಜ್ ಇರುತ್ತೆ, ಮೈಮೇಲೆ ಬೆಂಕಿ ತಡೆಯೋ ಬಟ್ಟೆ ಇರುತ್ತೆ, 402 ಮೀಟರಿನ ಆಚೆ ನಿಲ್ಲೋಕೆ ಜಾಗ ಇರುತ್ತೆ. ರಿಂಗ್ ರೋಡಲ್ಲಿ ಏನಿದೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಅಡ್ಡ, 189ನೇ ಕಲಂ ರಸ್ತೆ ರೇಸಿಗೆ ಅಡ್ಡ. ಕಾನೂನು ಪಕ್ಕಕ್ಕಿಟ್ಟರೂ, ಅಲ್ಲಿ ಎದುರಿಗೆ ಬರೋನು ಹಾಲಿನ ಕ್ಯಾನ್ ಕಟ್ಟಿಕೊಂಡ ಟಿವಿಎಸ್‌ನವನು. ಅವನು ನಮ್ಮ ರಿಸ್ಕಿಗೆ ಸಹಿ ಹಾಕಿಲ್ಲ.

ಇಷ್ಟಾದ ಮೇಲೂ ಕಟ್ಟೋರು ಕಟ್ಟಲಿ, ಟ್ರೈಲರ್ ಮೇಲೆ ಟ್ರ್ಯಾಕಿಗೆ ಒಯ್ಯಲಿ, ನಾನೂ ಸ್ಪ್ಯಾನರ್ ಹಿಡಿದು ಬರ್ತೀನಿ. ಬಾಟಲಿ ಮಾತ್ರ ಸೆಕೆಂಡ್ ಹ್ಯಾಂಡ್ ಸಿಗ್ತಿದೆ, ಅಗ್ಗ ಅಂತ ಯಾರಾದರೂ ಮೆಸೇಜ್ ಹಾಕಿದರೆ ಮೊದಲು ಅದರ ಕತ್ತಿನ ಹತ್ತಿರದ ಫೋಟೊ ಕೇಳಿ. ಅಲ್ಲಿ ಹೈಡ್ರೋ ಟೆಸ್ಟಿನ ತಾರೀಖು ಕೊರೆದಿರಬೇಕು. ತಾರೀಖು ಇಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.